ನಡುರಾತ್ರಿಯ ಭಯ, ಮರುದಿನದ ವಿಚಾರ

ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ತೆರೆಕಂಡ ಭಯಾನಕ ಚಲಚ್ಚಿತ್ರಗಳಿಗೆ ಈಗ ಸುಮಾರು ಐವತ್ತು ವರ್ಷ ವಯಸ್ಸು. ಅವನ್ನು ಹೊಸದರಲ್ಲಿ ಚಿತ್ರಮಂದಿರದಲ್ಲಿ ಕುಳಿತು ನೋಡಿದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಅವರ ಮೊಮ್ಮಕ್ಕಳು ಅದೇ ಚಿತ್ರಗಳನ್ನು, ಮನೆಯವರೆಲ್ಲ ಮಲಗಿದ ಮೇಲೆ, ದೀಪವಾರಿಸಿ, ಅಂಗೈಯಗಲದ ಫೋನಿನಲ್ಲಿ ನೋಡುತ್ತಿದ್ದಾರೆ. ವಿಜ್ಞಾನ ಓದುವ ಮಕ್ಕಳಿಗೆ ಈ ದೆವ್ವಭೂತಗಳ ಗೀಳು ಏತಕ್ಕೆಂದು ಆಕ್ಷೇಪಿಸುವ ಹಿರಿಯರುಂಟು. ಈ ಆಕ್ಷೇಪವನ್ನು ನಾವು ಒಪ್ಪಲಾರೆವು. ಹಳೆಯ ಚಿತ್ರವನ್ನು ನೋಡುವುದು ತಪ್ಪಲ್ಲ. ನೋಡಿ ಹೆದರುವುದೂ ತಪ್ಪಲ್ಲ. ಹೆದರಿದ ಮೇಲೆ ಆ ಭಯವನ್ನು ವಿಚಾರಿಸದೆ ಬಿಟ್ಟುಬಿಡುವುದು ಮಾತ್ರ ತಪ್ಪೆಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ತೆರೆಯ ಮೇಲಿನದೆಲ್ಲ ಕಟ್ಟುಕಥೆಯೆಂದು ಬಲ್ಲವನ ಎದೆಯೂ ಡವಗುಟ್ಟುವುದೇಕೆ? ನಮ್ಮ ಮೆದುಳಿನ ಒಳಭಾಗದಲ್ಲಿ, ಎಡಬಲಗಳಿಗೆ ಒಂದೊಂದರಂತೆ, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗಗಳಿವೆ. ಅಪಾಯದ ಸುಳಿವು ಸಿಕ್ಕಿದೊಡನೆ ಎಚ್ಚರಿಕೆ ಕೊಡುವ ಕಾರ್ಯದಲ್ಲಿ ಇವುಗಳ ಪಾತ್ರ ಮುಖ್ಯವಾದುದು. ‘ಇದು ಬರಿಯ ಚಿತ್ರ’ ಎಂದು ಮೆದುಳಿನ ಇತರ ಭಾಗಗಳು ತೀರ್ಮಾನಿಸುವ ಮುನ್ನವೇ ಈ ಎಚ್ಚರಿಕೆ ಹೊರಟುಹೋಗಿರುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ನನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಕಾದಾಡಲು ಇಲ್ಲವೆ ಓಡಿಹೋಗಲು ದೇಹ ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ವಿವರಿಸಿದ್ದರು.

ರಾತ್ರಿಯ ಹೊತ್ತು ಭಯ ಇಮ್ಮಡಿಯಾದಂತೆ ತೋರುವುದಕ್ಕೂ ಕಾರಣವುಂಟು. ಮನುಷ್ಯ ಹಗಲಿನ ಪ್ರಾಣಿ. ಮಬ್ಬುಗತ್ತಲೆಯಲ್ಲಿ ಕೆಲಸಮಾಡುವ ಕಣ್ಣಿನ ದಂಡಾಕಾರದ ಕೋಶಗಳು ಬಣ್ಣವನ್ನಾಗಲಿ ಸೂಕ್ಷ್ಮ ವಿವರಗಳನ್ನಾಗಲಿ ತಿಳಿಸಲಾರವು. ಗೂಟಕ್ಕೆ ತಗುಲಿಹಾಕಿದ ಅಂಗಿ ನಿಂತ ಮನುಷ್ಯನಂತೆ ಕಾಣುವುದು ಇದರಿಂದಲೇ. ಬೀದಿಯ ಗದ್ದಲ ಅಡಗಿದ ಮೇಲೆ ಹೆಂಚಿನ ಮೇಲೆ ನಡೆಯುವ ಬೆಕ್ಕೂ ದೊಡ್ಡ ಸದ್ದು ಮಾಡುತ್ತದೆ. ಕತ್ತಲೆಯಲ್ಲಿ ಕುಳಿತವರು ಹಠಾತ್ತಾದ ಸದ್ದಿಗೆ ಹೆಚ್ಚು ಬೆಚ್ಚುತ್ತಾರೆಂದು ಪ್ರಯೋಗಗಳಲ್ಲಿಯೂ ಕಂಡುಬಂದಿದೆ. ಪೊದೆ ಅಲುಗಿದಾಗ ಹುಲಿಯೆಂದು ಬಗೆದು ಓಡಿದವನಿಗೆ ನಷ್ಟವಾದುದು ನಾಲ್ಕು ಹೆಜ್ಜೆಯ ಶ್ರಮ. ಗಾಳಿಯೆಂದು ನಿಂತವನಿಗೆ ಒಮ್ಮೆ ಪ್ರಾಣವೇ ಹೋಗಿರಬಹುದು. ನಾವೆಲ್ಲ ಬಹುಶಃ ಓಡಿದವರ ಸಂತತಿ. ಆದುದರಿಂದ ಹೆದರಿದ್ದಕ್ಕಾಗಿ ಯಾವ ವಿದ್ಯಾರ್ಥಿಯೂ ನಾಚಬೇಕಾಗಿಲ್ಲ.

ಆ ಕಾಲದ ಸಮರ್ಥ ನಿರ್ದೇಶಕರು ಈ ಸ್ವಭಾವವನ್ನು ಚೆನ್ನಾಗಿ ಬಳಸಿಕೊಂಡರು. 1975ರ ‘ಜಾಸ್’ ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಶಾರ್ಕ್ ಮೀನು ಸಮುದ್ರದ ಉಪ್ಪುನೀರಿನಲ್ಲಿ ಮೇಲಿಂದ ಮೇಲೆ ಕೆಟ್ಟು ನಿಂತಿತು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಮೀನನ್ನು ಮರೆಯಲ್ಲಿಟ್ಟೇ ಕಥೆ ನಡೆಸಬೇಕಾಯಿತು. ಚಿತ್ರ ಆರಂಭವಾಗಿ ಒಂದು ಗಂಟೆ ಕಳೆದರೂ ಅದು ಸರಿಯಾಗಿ ಕಾಣಸಿಗುವುದಿಲ್ಲ. ಜಾನ್ ವಿಲಿಯಮ್ಸ್ ಸಂಯೋಜಿಸಿದ ಸಂಗೀತದ ಎರಡೇ ಸ್ವರಗಳು ಮತ್ತೆ ಮತ್ತೆ ಮೊಳಗಿ ಅದರ ಬರವನ್ನು ಸಾರುತ್ತವೆ. 1978ರ ‘ಹ್ಯಾಲೋವೀನ್’ ಚಿತ್ರದ ಕೊಲೆಗಾರನಿಗೆ ಯಾವ ಭಾವವೂ ಇಲ್ಲದ ಬಿಳಿಯ ಮುಖವಾಡ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ನಟರ ಉಸಿರು ಹಬೆಯಂತೆ ಕಾಣಲೆಂದು ಮಲಗುವ ಕೋಣೆಯ ಸೆಟ್ಟನ್ನೇ ಯಂತ್ರಗಳಿಂದ ಕೊರೆಯುವಂತೆ ತಣ್ಣಗೆ ಮಾಡಿದ್ದರು. ಇಂಥ ಸಣ್ಣ ಸುಳಿವುಗಳಷ್ಟೇ ನಿರ್ದೇಶಕರ ಕೊಡುಗೆ. ಉಳಿದುದನ್ನು ಪ್ರೇಕ್ಷಕನ ಮೆದುಳೇ ಕಟ್ಟಿಕೊಂಡಿತು.

ಆದರೆ ಭಯಕ್ಕೆ ಒಂದು ಕೊರತೆಯುಂಟು. ಅಪಾಯವಿದೆಯೆಂದು ಅದು ಕೂಗಬಲ್ಲದೇ ಹೊರತು, ಅಪಾಯ ಯಾವುದು, ಎಷ್ಟು ದೊಡ್ಡದು ಎಂದು ಅಳೆದು ಹೇಳಲಾರದು. ‘ಜಾಸ್’ ಬಂದ ಮೇಲೆ ಆದುದನ್ನೇ ನೋಡಿರಿ. ಅಮೆರಿಕದ ಕರಾವಳಿಯಲ್ಲಿ ಹವ್ಯಾಸಿ ಬೇಟೆಗಾರರು ಶಾರ್ಕುಗಳನ್ನು ಕೊಲ್ಲುವುದನ್ನು ಪರಾಕ್ರಮವೆಂದು ಬಗೆದರು. ವಾಸ್ತವವಾಗಿ ಪ್ರಪಂಚದಲ್ಲೆಲ್ಲ ಸೇರಿ, ತಮ್ಮನ್ನು ಕೆಣಕದ ಮನುಷ್ಯರ ಮೇಲೆ ಶಾರ್ಕುಗಳು ಎರಗುವ ಪ್ರಸಂಗಗಳು ವರ್ಷಕ್ಕೆ ನೂರರೊಳಗೇ. ಅದರಿಂದಾಗುವ ಸಾವುಗಳು ಸಾಮಾನ್ಯವಾಗಿ ಹತ್ತನ್ನು ಮೀರುವುದಿಲ್ಲ. ಮನುಷ್ಯನಾದರೋ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕುಗಳನ್ನು ಕೊಲ್ಲುತ್ತಿದ್ದಾನೆಂದು 2013ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. 1970ರಿಂದ 2018ರೊಳಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ ಶೇಕಡ 71ರಷ್ಟು ಇಳಿಯಿತು. ಇದಕ್ಕೆ ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ, ಚಿತ್ರವಲ್ಲ. ಆದರೂ ಜನ ಹೆದರುವ ಪ್ರಾಣಿಯ ಪರವಾಗಿ ಮಾತನಾಡುವವರು ವಿರಳ. ಮೂಲ ಕಾದಂಬರಿಯ ಲೇಖಕ ಪೀಟರ್ ಬೆಂಚ್ಲಿ ತಮ್ಮ ಮುಂದಿನ ಬಾಳಿನಲ್ಲಿ ಶಾರ್ಕುಗಳ ರಕ್ಷಣೆಗಾಗಿ ದುಡಿದರು. ಸ್ಪೀಲ್‌ಬರ್ಗ್ ಕೂಡ 2022ರಲ್ಲಿ ಈ ಬಗ್ಗೆ ವಿಷಾದ ವ್ಯಕ್ತಪಡಿಸಿದರು.

ಇದು ದೂರದ ಸಮುದ್ರದ ಮಾತಾಯಿತು. ನಮ್ಮ ಮನೆಗೆ ಇನ್ನೂ ಹತ್ತಿರವಾದ ಉದಾಹರಣೆ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿದೆ. ಅಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಮಾತು, ನಡತೆ, ಅಂಗಚಲನೆಗಳೆಲ್ಲ ವಿಕಾರವಾಗುತ್ತವೆ. ವೈದ್ಯರು ಪರೀಕ್ಷಿಸಿ ಏನೂ ತಿಳಿಯದೆ ಕೈಚೆಲ್ಲುತ್ತಾರೆ, ಪಾದ್ರಿಗಳು ಬರುತ್ತಾರೆ. ಕನ್ನಡದಲ್ಲಿಯೂ 1979ರ ‘ನಾ ನಿನ್ನ ಬಿಡಲಾರೆ’ ಮೈಮೇಲೆ ಬಂದ ಪ್ರೇತದ ಕಥೆಯನ್ನೇ ಹೇಳಿತು. ಕಥೆಯಲ್ಲಿ ಪ್ರೇತವಿರಲಿ, ಆಕ್ಷೇಪವಿಲ್ಲ. ಆದರೆ 2007ರಲ್ಲಿ ಜೋಸೆಪ್ ಡಾಲ್ಮೌ ಎಂಬ ನರರೋಗತಜ್ಞರೂ ಅವರ ಸಹೋದ್ಯೋಗಿಗಳೂ ಮೆದುಳಿನ ಉರಿಯೂತದ ಒಂದು ಬಗೆಯನ್ನು ಗುರುತಿಸಿದರು. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಮೆದುಳಿನ ಎನ್‌ಎಂಡಿಎ ಗ್ರಾಹಕಗಳೆಂಬ ಪ್ರೋಟೀನುಗಳ ಮೇಲೆ ಎರಗುವುದರಿಂದ ಬರುವ ಕಾಯಿಲೆಯಿದು. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಎಳೆಯ ಪ್ರಾಯದ ಹೆಣ್ಣುಮಕ್ಕಳಲ್ಲಿ. ಉದ್ರೇಕ, ಅಸಂಬದ್ಧ ಪ್ರಲಾಪ, ಭ್ರಮೆ, ಸೆಳವು, ಮುಖ ಮತ್ತು ಕೈಕಾಲುಗಳ ವಿಚಿತ್ರ ಚಲನೆ ಇದರ ಲಕ್ಷಣಗಳು. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆ.

ಇಂಥ ಲಕ್ಷಣಗಳಿಗೆಲ್ಲ ಈ ಒಂದೇ ಕಾಯಿಲೆ ಕಾರಣವೆಂದು ನಾವು ಹೇಳುತ್ತಿಲ್ಲ, ಮೂರ್ಛೆರೋಗವಿರಬಹುದು, ಮನೋರೋಗವಿರಬಹುದು. ಯಾವುದೆಂದು ಹೇಳಬೇಕಾದವರು ವೈದ್ಯರು. ಇಂದಿಗೂ ನಮ್ಮಲ್ಲಿ ಇಂಥ ಹುಡುಗಿಯನ್ನು ಮೊದಲು ಮಂತ್ರವಾದಿಯ ಬಳಿಗೆ ಕರೆದೊಯ್ಯುವ ಮನೆಗಳುಂಟು. ಬೇವಿನ ಸೊಪ್ಪಿನ ಏಟಿನಲ್ಲಿಯೂ ತಾಯತದ ಭರವಸೆಯಲ್ಲಿಯೂ ಅಮೂಲ್ಯವಾದ ವಾರಗಳು ಕಳೆದುಹೋಗುತ್ತವೆ. ಮನೆಯವರಿಗೆ ಮಗಳ ಮೇಲೆ ಪ್ರೀತಿಯಿಲ್ಲವೆಂದಲ್ಲ. ಅವರ ಭಯ ನಿಜವಾದುದೇ. ಆ ಭಯಕ್ಕೆ ಸರಿಯಾದ ದಾರಿ ತೋರಿಸುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ವಿಜ್ಞಾನ ಓದುವ ನಮ್ಮ ತರುಣ ವಾಚಕರು ಆ ಒಬ್ಬರಾಗಬೇಕೆಂದು ನಮ್ಮ ಆಶಯ.

ಇದಕ್ಕೆ ಹಳೆಯ ಭಯಾನಕ ಚಿತ್ರಗಳೇ ಒಳ್ಳೆಯ ಅಭ್ಯಾಸಶಾಲೆಯಾಗಬಲ್ಲವು. ನಿಮ್ಮ ವಯಸ್ಸಿಗೆ ತಕ್ಕ ಚಿತ್ರವನ್ನು ಆರಿಸಿಕೊಂಡು ರಜೆಯ ರಾತ್ರಿ ನೋಡಿರಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕಾದುದರಿಂದ ಶಾಲೆಯಿರುವ ದಿನದ ಹಿಂದಿನ ರಾತ್ರಿ ಇದು ಬೇಡ. ಮರುದಿನ ಬೆಳಕಿನಲ್ಲಿ, ಅತಿ ಹೆಚ್ಚು ಹೆದರಿಸಿದ ದೃಶ್ಯವನ್ನು ಮತ್ತೊಮ್ಮೆ ನೋಡಿರಿ. ಮೊದಲು ಸದ್ದಿಲ್ಲದೆ, ಅನಂತರ ಸದ್ದಿನೊಡನೆ. ತೆರೆಯ ಮೇಲೆ ನಿಜವಾಗಿ ಕಂಡುದೇನು, ಸಂಗೀತ ಸೇರಿಸಿದುದೇನು, ನಿಮ್ಮ ಮನಸ್ಸು ಊಹಿಸಿದುದೇನು ಎಂಬುದನ್ನು ಒಂದು ಹಾಳೆಯಲ್ಲಿ ಬೇರೆ ಬೇರೆಯಾಗಿ ಬರೆಯಿರಿ. ಹೀಗೆ ನಾಲ್ಕಾರು ಬಾರಿ ಬೇರ್ಪಡಿಸಿ ನೋಡಿದವರು, ಮುಂದೆ ನೆರೆಮನೆಯಲ್ಲಿ ‘ದೆವ್ವ ಹಿಡಿದಿದೆ’ ಎಂಬ ಕೂಗೆದ್ದಾಗ, ಆ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಹುಡುಕುವವರಲ್ಲಿ ಮೊದಲಿಗರಾಗಿರುತ್ತಾರೆಂದು ನಾವು ನಂಬಿದ್ದೇವೆ.