ಭೂತಗನ್ನಡಿಯೂ ನಮ್ಮ ಹೆಮ್ಮೆಯೂ

ಸೂಕ್ಷ್ಮದರ್ಶಕವನ್ನು ಕಂಡುಹಿಡಿದವರು ಇಬ್ನುಲ್ ಹೈಸಮ್ ಎಂಬ ಮಾತು ನಮ್ಮ ಭಾಷಣಗಳಲ್ಲಿಯೂ ವಾಟ್ಸಾಪ್ ಸಂದೇಶಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತದೆ. ನಾವು ‘ಮಾಶಾ ಅಲ್ಲಾಹ್’ ಎಂದು ಹೇಳಿ ಮುಂದಕ್ಕೆ ಕಳುಹಿಸುತ್ತೇವೆ. ಆದರೆ ಅದು ನಿಜವಲ್ಲ. ಆ ಮಾತನ್ನೇ ನಂಬಿ ಶಾಲೆಯಲ್ಲಿ ಹೇಳಿ ತಿದ್ದಿಸಿಕೊಂಡ ಮಗು, ನಾವು ಕಲಿಸಿದ ಮಿಕ್ಕ ಸಂಗತಿಗಳನ್ನೂ ಅನುಮಾನದಿಂದ ನೋಡತೊಡಗಿದರೆ ತಪ್ಪು ಯಾರದು?

ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಜನಿಸಿ, ಕೈರೋದಲ್ಲಿ ಬಾಳಿದ ಆ ವಿದ್ವಾಂಸರ ನಿಜವಾದ ಸಾಧನೆಯೇನು ಸಣ್ಣದಲ್ಲ. ಕಣ್ಣಿನಿಂದ ಹೊರಟ ಕಿರಣವು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆಂಬ ಹಳೆಯ ಅಭಿಪ್ರಾಯವನ್ನು ಅವರು ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ನಿರಾಕರಿಸಿದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ವಾದಿಸಿದರು. ಅದರ ಏಳನೆಯ ಭಾಗದಲ್ಲಿ, ಗಾಜಿನಂತಹ ಸಾಂದ್ರ ಮಾಧ್ಯಮದ ಉಬ್ಬಿದ ಮೈಯ ಮೂಲಕ ನೋಡಿದ ವಸ್ತು ದೊಡ್ಡದಾಗಿ ಕಾಣುವುದನ್ನೂ ಚರ್ಚಿಸಿದರು. ಉಪಕರಣವನ್ನು ಮಾಡಲಿಲ್ಲ, ಕಾರಣವನ್ನು ಅರಸಿದರು. ಟಾಲೆಮಿಯಂತಹ ಪೂರ್ವಸೂರಿಯ ಬರಹಗಳನ್ನೂ ಶಂಕಿಸಿ ಒಂದು ಗ್ರಂಥವನ್ನೇ ಬರೆದ ಅವರ ಹೆಸರಿನಲ್ಲಿ ನಾವು ಪರೀಕ್ಷಿಸದ ಸಂದೇಶಗಳನ್ನು ಹಂಚುತ್ತಿದ್ದೇವೆ!

ಆ ಕಾರಣವನ್ನು ಮನೆಯಲ್ಲಿಯೇ ತಿಳಿಯಬಹುದು. ವಸ್ತುವು ಕಣ್ಣಿನಲ್ಲಿ ಉಂಟುಮಾಡುವ ಕೋನ ಹಿರಿದಾದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ಹತ್ತಿರ ತಂದರೆ ಕೋನ ಹಿಗ್ಗುತ್ತದೆ, ನಿಜ. ಆದರೆ ಸುಮಾರು 25 ಸೆಂಟಿಮೀಟರಿಗಿಂತ ಸಮೀಪ ಬಂದರೆ ಸಾಮಾನ್ಯ ಕಣ್ಣಿಗೆ ಎಲ್ಲವೂ ಮಸುಕು. ವಯಸ್ಸಾದಂತೆ ಆ ದೂರ ಇನ್ನೂ ಹೆಚ್ಚುತ್ತದೆ. ಮುಸ್‌ಹಫ್‌ನ ಮೇಲೆ ಭೂತಗನ್ನಡಿ ಹಿಡಿದು ಓದುವ ನಮ್ಮ ದಾದಿ-ನಾನಿಯರಿಗೆ ಇದು ಅನುಭವದಿಂದಲೇ ಗೊತ್ತು. ಪೀನ ಮಸೂರವು ಹರಡಿಕೊಂಡು ಬರುವ ಕಿರಣಗಳನ್ನು ಒಳಕ್ಕೆ ಬಾಗಿಸಿ, ಸನಿಹದ ಅಕ್ಷರದ ಬೆಳಕು ದೂರದಿಂದ ಬಂದಂತೆ ಕಣ್ಣಿಗೆ ತಲಪಿಸುತ್ತದೆ. ಸಮೀಪದ ದೊಡ್ಡ ಕೋನವೂ ಉಳಿಯುತ್ತದೆ, ಸ್ಪಷ್ಟತೆಯೂ ದೊರೆಯುತ್ತದೆ. ಸಂಗಮ ದೂರ 5 ಸೆಂಟಿಮೀಟರ್ ಇದ್ದರೆ ವರ್ಧನೆ ಸುಮಾರು 5 ಪಟ್ಟು. 17ನೆಯ ಶತಮಾನದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಸುಮಾರು 1 ಮಿಲಿಮೀಟರ್ ಸಂಗಮ ದೂರದ ಪುಟ್ಟ ಮಸೂರದಿಂದ 250 ಪಟ್ಟಿಗೂ ಮಿಗಿಲಾದ ವರ್ಧನೆ ಪಡೆದು, ನೀರಿನಲ್ಲಿ ಬರಿಗಣ್ಣಿಗೆ ಕಾಣದ ಜೀವಿಗಳನ್ನು ಕಂಡನು. ಅವನಿಗೆ ಸಲ್ಲಬೇಕಾದುದು ಅವನಿಗೇ ಸಲ್ಲಲಿ. ನ್ಯಾಯವನ್ನು ಬೋಧಿಸುವ ನಾವು ಇದರಲ್ಲಿ ಜಿಪುಣರಾಗಬೇಕಾಗಿಲ್ಲ.

ಆದುದರಿಂದ ಮದ್ರಸದ ಮಕ್ಕಳಿಗೆ ಮಹನೀಯರ ಹೆಸರುಗಳನ್ನು ಬಾಯಿಪಾಠ ಮಾಡಿಸುವ ದಿನ, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೂ ತನ್ನಿ. ಅದನ್ನು ವಾರ್ತಾಪತ್ರಿಕೆಯ ಮೇಲಿರಿಸಿ ಒಂದು ಹನಿ ನೀರು ಹಾಕಿ. ಕೆಳಗಿನ ಅಕ್ಷರ ಕೊಂಚ ಹಿಗ್ಗುತ್ತದೆ. ಹಾಳೆಯನ್ನು ಮೆಲ್ಲನೆ ಮೇಲೆತ್ತಿದರೆ ಮತ್ತಷ್ಟು ಹಿಗ್ಗಿ, ಬಳಿಕ ಮಸುಕಾಗುತ್ತದೆ. ಹನಿ ಚಿಕ್ಕದಾದರೆ ಏನಾಗುತ್ತದೆಂದು ಮಕ್ಕಳೇ ಹಾಕಿ ನೋಡಲಿ.