ಅತಿಥಿ ದೇವರೇ ಸರಿ, ಬಿಲ್ಲು ಎಲ್ಲಿ?

ಮನೆಗೆ ಬಂದವರಿಗೆ ಹಪ್ಪಳ ಕರಿಯಬೇಡಿ ಎಂದು ನಾನು ಹೇಳುವವಳಲ್ಲ. ರಾಯಚೂರಿನ ಬಿಸಿಲಲ್ಲಿ ಬಂದವರಿಗೆ ಮೊದಲು ತಂಬಿಗೆ ನೀರು, ಆಮೇಲೆ ಮಾತು. ಆದರೆ ಆ ಸತ್ಕಾರ ನಮ್ಮ ಮನೆಯ ಡಬ್ಬಿಯ ಹಣದ್ದು. ಸರ್ಕಾರ ಮಾಡುವ ಸತ್ಕಾರಕ್ಕೂ ಡಬ್ಬಿ ನಮ್ಮದೇ ಎಂಬುದನ್ನು ಮರೆಯುತ್ತೇವೆ.

2018ರ ಮೇ 23ರಂದು ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹೊರರಾಜ್ಯಗಳ ನಾಯಕರು ಬಂದು ಕೈ ಕೈ ಹಿಡಿದು ನಿಂತರು. ಆಗಸ್ಟ್ ತಿಂಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರ ಉತ್ತರ ಪತ್ರಿಕೆಗಳಲ್ಲಿ ಬಂತು: ಆ ಅತಿಥಿಗಳಿಗೆ ಸುಮಾರು 42 ಲಕ್ಷ ರೂಪಾಯಿ ಖರ್ಚು. ಆಗ ಆಂಧ್ರದ ಮುಖ್ಯಮಂತ್ರಿಯಾಗಿದ್ದ ಚಂದ್ರಬಾಬು ನಾಯ್ಡು ಅವರೊಬ್ಬರ ಲೆಕ್ಕವೇ 8 ಲಕ್ಷ 72 ಸಾವಿರ. ಒಂದು ಹಗಲು, ಒಂದು ರಾತ್ರಿಯ ಮಾತಿದು.

ಎರಡು ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಇದೇನು ಮಹಾ ಎನ್ನುವವರಿದ್ದಾರೆ. ಅವರು ದೇವದುರ್ಗದ ಯಾವುದಾದರೂ ಶಾಲೆಗೆ ಬಂದು ಬಿಸಿಯೂಟದ ವಹಿ ನೋಡಲಿ. ಕಿರಿಯ ಮಕ್ಕಳಿಗೆ 100 ಗ್ರಾಂ ಅಕ್ಕಿ, ಹಿರಿಯರಿಗೆ 150. ಮೊಟ್ಟೆ ಕೊಡಲು ಶುರುಮಾಡಿದಾಗ ಒಂದಕ್ಕೆ 6 ರೂಪಾಯಿ ಗೊತ್ತುಮಾಡಿದರು. ಬೇಯಿಸುವ, ಸುಲಿಯುವ ಖರ್ಚೂ ಅದರೊಳಗೇ. ಹಾಜರಿಗೂ ಮೊಟ್ಟೆಗೂ ತಾಳೆಯಾಗದಿದ್ದರೆ ಮುಖ್ಯಗುರುಗಳೇ ಉತ್ತರ ಹೇಳಬೇಕು. ನಾಯ್ಡು ಅವರ ಬಿಲ್ಲಿನಲ್ಲಿ 1 ಲಕ್ಷ 45 ಸಾವಿರ ಮೊಟ್ಟೆ ಬರುತ್ತಿದ್ದವು. ಹೆಂಗಸರ ಲೆಕ್ಕ ಕೊನೆಗೆ ಅಡಿಗೆಮನೆಗೇ ಬಂದು ನಿಲ್ಲುತ್ತದೆ ಎಂದು ಗಂಡಸರು ನಗುತ್ತಾರೆ. ನಗಲಿ ಬಿಡಿ.

ಇದು ಒಂದೇ ಪಕ್ಷದ ಚಾಳಿಯಲ್ಲ. 2012ರ ಬರಗಾಲದಲ್ಲಿ, ಬೇರೆ ಪಕ್ಷದ ಸರ್ಕಾರವಿದ್ದಾಗ, ನಮ್ಮ ಶಾಸಕರು ಅಧ್ಯಯನದ ಹೆಸರಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹಾರಿದ್ದರು. ಬರ ಬಿದ್ದಾಗ ಮಾನ್ವಿ, ದೇವದುರ್ಗದ ಸಂಸಾರಗಳೂ ಪ್ರವಾಸ ಹೊರಡುತ್ತವೆ. ಅದಕ್ಕೆ ಗುಳೆ ಎನ್ನುತ್ತಾರೆ, ಭತ್ಯೆ ಇಲ್ಲ. ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ, ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡದ ಮರಳ ಮೇಲೆ ಆಡುತ್ತಿರುತ್ತಾರೆ.

ಯಾರೋ ಒಬ್ಬರು ಅರ್ಜಿ ಹಾಕಿದ್ದರಿಂದ ಆ 42 ಲಕ್ಷ ಬಯಲಾಯಿತು. ಹಾಕದಿದ್ದರೆ? 2005ರ ಕಾಯ್ದೆಯ 4ನೇ ಕಲಮು, ಕೇಳುವ ಮುನ್ನವೇ ಮಾಹಿತಿ ಪ್ರಕಟಿಸಿ ಎನ್ನುತ್ತದೆ. ಶಾಲೆಯ ಗೋಡೆಯ ಮೇಲೆ ಊಟದ ವಿವರವನ್ನು ನಾವು ಬರೆಯುತ್ತೇವೆ. ವಿಧಾನಸೌಧಕ್ಕೂ ಗೋಡೆಗಳಿವೆ, ನಮ್ಮವಕ್ಕಿಂತ ಗಟ್ಟಿಯಾದವು. ಮುಂದಿನ ಪ್ರಮಾಣವಚನವಾದ ವಾರದೊಳಗೆ ಅಲ್ಲಿ ಬರೆಯಲಿ: ಯಾರು ಬಂದರು, ಎಲ್ಲಿ ಇಳಿದರು, ಎಷ್ಟಾಯಿತು, ಸಹಿ ಯಾರದು.