ಹಳೇ ಸಿಸ್ಟಂ ಗುಜರಿಗೆ ಹಾಕೋ ಮುಂಚೆ ಇದನ್ನ ಓದಿ



ಅಕ್ಟೋಬರ್ 14 ನಮಗೆಲ್ಲಾ ಗೊತ್ತಿರೋ ದಿನ. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮಕ್ಕೆ ಬಂದ ದಿನ. 2025ರ ಅದೇ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡ್ತಿದ್ದ ಬೆಂಬಲ ನಿಲ್ಲಿಸಿತು. ಎರಡಕ್ಕೂ ಸಂಬಂಧ ಏನೂ ಇಲ್ಲ, ತಾರೀಖು ಮಾತ್ರ ಒಂದೇ. ಆದ್ರೆ ಆಮೇಲಿಂದ ನಮ್ಮ ಹುಡುಗರ ಬಾಯಲ್ಲಿ ಒಂದೇ ಮಾತು: "ಅಣ್ಣಾ, ಸಂಘದ ಸಿಸ್ಟಂ ಹಳೇದಾಯ್ತು, ಗುಜರಿಗೆ ಹಾಕಿಬಿಡೋಣ. ಫೋನ್ ಇದೆಯಲ್ಲಾ, ಸಾಕು."

ಸಾಕಾಗಲ್ಲ ಅಂತ ಹೇಳೋಕೇ ಇಷ್ಟುದ್ದ ಬರೀತಿದ್ದೀನಿ. ಸ್ವಲ್ಪ ತಾಳ್ಮೆಯಿಂದ ಓದಿ.

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆ ನಮ್ಮ ಕೇರಿಗಳಿಗೆ ಬರೋ ಕಂಪ್ಯೂಟರ್ ಎಂಥದ್ದು? ಬೆಂಗಳೂರು ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್, ಯಾವುದೋ ಆಫೀಸು ಬಳಸಿ ಬಿಟ್ಟ ಲ್ಯಾಪ್‌ಟಾಪ್, ಡಿಗ್ರಿ ಮುಗಿಸಿದ ಅಕ್ಕ ತಮ್ಮನಿಗೆ ಬಿಟ್ಟುಹೋದ ಸಿಸ್ಟಂ. ವಿಂಡೋಸ್ 7 ಇರೋದು ಮಾಮೂಲು, ಮೂಲೆಯಲ್ಲಿ ಎಕ್ಸ್‌ಪಿ ಓಡ್ತಿದ್ರೂ ಆಶ್ಚರ್ಯ ಇಲ್ಲ. ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ ನಿಂತಿದ್ದು 2020ರ ಜನವರಿ 14ಕ್ಕೆ. ಬೆಂಬಲ ನಿಂತ ದಿನ ಮೆಷಿನ್ ಸಾಯಲ್ಲ. ಕಳ್ಳಗಂಡಿ ಮುಚ್ಚೋ ಅಪ್‌ಡೇಟ್ ಬರೋದು ನಿಲ್ಲುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಇದ್ರೆ ಯಾರು ಬೇಕಾದ್ರೂ ನಿಮ್ಮನ್ನ ಹೆದರಿಸಿ ಹೊಸದು ಮಾರಬಹುದು.

ಮೊದಲು ಆ ಹಳೇ ಸಿಸ್ಟಂ ಹೊಟ್ಟೆಯಲ್ಲಿ ಏನಿದೆ ಅಂತ ಯೋಚನೆ ಮಾಡಿ. ಹದಿನೈದು ವರ್ಷದ ಮನವಿ ಪತ್ರಗಳು. ಮಾಹಿತಿ ಹಕ್ಕಿನ ಅರ್ಜಿಗಳು. ಸ್ಮಶಾನಕ್ಕೆ ಜಾಗ ಕೇಳಿ ಕೊಟ್ಟ ಪತ್ರ, ಅದರ ಸ್ಕ್ಯಾನ್ ಪ್ರತಿ. ಪಿಟಿಸಿಎಲ್ ಕೇಸಿನ ಕಡತ. 1978ರ ಪಿಟಿಸಿಎಲ್ ಕಾಯ್ದೆ ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿದ್ರೆ ವಾಪಸ್ ಕೇಳೋ ಹಕ್ಕು ಕೊಟ್ಟಿದೆ. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿಹಾಕೋದು ಹೆಚ್ಚಾದಾಗ, ಕಾಲಮಿತಿ ಅಡ್ಡ ಬರಬಾರದು ಅಂತ 2023ರಲ್ಲಿ ತಿದ್ದುಪಡಿ ಆಯ್ತು. ಅಂದ್ರೆ ಮುಚ್ಚಿಹೋಯ್ತು ಅಂದುಕೊಂಡಿದ್ದ ಕಡತಗಳಿಗೆ ಮತ್ತೆ ಜೀವ ಬಂದಿದೆ. ಇಂಥ ಹೊತ್ತಲ್ಲಿ ಆ ಕಡತ ಇರೋ ಹಾರ್ಡ್ ಡಿಸ್ಕನ್ನ ತೂಕಕ್ಕೆ ಹಾಕ್ತೀರಾ?

ಇನ್ನೊಂದು ಮಾತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಅವತ್ತು ಆ ಊರು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಸಾಕ್ಷಿಗಳು ಪ್ರತಿಕೂಲವಾದ್ರು, 2006ರಲ್ಲಿ ಆರೋಪಿಗಳೆಲ್ಲಾ ಖುಲಾಸೆ ಆದ್ರು. ಸಾಕ್ಷಿ ಉಳಿಸಿಕೊಳ್ಳೋದು ಅಂದ್ರೆ ಏನು ಅಂತ ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇವತ್ತು ದೌರ್ಜನ್ಯದ ವಿಡಿಯೋ, ಫೋಟೋ, ಆಡಿಯೋ ಎಲ್ಲಾ ಮೊದಲು ಬಂದು ಸೇರೋದು ಇಂಥ ಸಿಸ್ಟಮ್ಮಿಗೇ. ವಾಟ್ಸಾಪಲ್ಲಿ ಹತ್ತು ಕೈ ದಾಟಿದ ವಿಡಿಯೋ ಕುಗ್ಗಿರುತ್ತೆ, ತೆಗೆದ ತಾರೀಖಿನ ವಿವರ ಉಳಿದಿರಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಯಾವ ಸಾಧನದಿಂದ ಬಂತು ಅಂತ ಹೇಳಬೇಕು. ಸಾಧನವನ್ನೇ ಫಾರ್ಮ್ಯಾಟ್ ಹೊಡೆದ ಮೇಲೆ ಏನು ಹೇಳ್ತೀರಿ?

ಹಾಗಾಗಿ ಮೊದಲನೇ ನಿಯಮ: ಏನೇ ತೊಂದರೆ ಬರಲಿ, ಮೊದಲು ಕಾಗದ ಉಳಿಸಿ, ಆಮೇಲೆ ರಿಪೇರಿ. ಅಂಗಡಿಗೆ ಕೊಟ್ರೆ "ಓಎಸ್ ಹೊಸದಾಗಿ ಹಾಕ್ತೀನಿ" ಅಂತಾರೆ. ಅಂದ್ರೆ ಸಿ ಡ್ರೈವ್ ಫಾರ್ಮ್ಯಾಟ್. ನಮ್ಮವರು ಫೈಲ್ ಇಡೋದೆಲ್ಲಾ ಡೆಸ್ಕ್‌ಟಾಪ್ ಮೇಲೆ, ಇಲ್ಲಾ ಮೈ ಡಾಕ್ಯುಮೆಂಟ್ಸ್‌ನಲ್ಲಿ. ಎರಡೂ ಇರೋದು ಆ ಸಿ ಡ್ರೈವಲ್ಲೇ! ಅಂಗಡಿಯವರ ತಪ್ಪೇನಿಲ್ಲ, ನಾವು ಹೇಳದೆ ಇದ್ರೆ ಅವರಿಗೆ ಹೇಗೆ ಗೊತ್ತಾಗಬೇಕು? "ಡೇಟಾ ತೆಗೆದಿಟ್ಟು ಆಮೇಲೆ ಫಾರ್ಮ್ಯಾಟ್ ಮಾಡಿ" ಅಂತ ಬಾಯಿಬಿಟ್ಟು ಹೇಳಿ, ಚೀಟೀಲಿ ಬರೆದು ಕೊಡಿ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ರೆ ತಕ್ಷಣ ಆಫ್ ಮಾಡಿ. ಅಂಥ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಓಡಿಸಬೇಡಿ, ಇರೋ ಉಸಿರೂ ಹೋಗಬಹುದು.

ಈಗ ಮಾಮೂಲಿ ತೊಂದರೆಗಳು. ಹತ್ತಕ್ಕೆ ಎಂಟು ಸಲ ಇವೇ ಇರ್ತವೆ.

1. ನೆಟ್ ಇದೆ, ಆದ್ರೆ ಯಾವ ಸೈಟೂ ತೆಗೆಯಲ್ಲ. "ಸಂಪರ್ಕ ಸುರಕ್ಷಿತವಲ್ಲ" ಅಂತ ಬರುತ್ತೆ. ಬಲಗಡೆ ಕೆಳಗೆ ತಾರೀಖು ನೋಡಿ. ಎಷ್ಟೋ ವರ್ಷದ ಹಿಂದಿನ ಜನವರಿ 1 ತೋರಿಸ್ತಿದ್ರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ. ಪ್ರತಿ ಸೈಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಸರ್ಟಿಫಿಕೇಟ್ ಇರುತ್ತೆ, ನಿಮ್ಮ ಸಿಸ್ಟಂ ತಾರೀಖು ಅದರೊಳಗೆ ಇಲ್ಲದಿದ್ರೆ ಬ್ರೌಸರ್ ಒಳಗೆ ಬಿಡಲ್ಲ. ಬೇಕಾಗಿರೋದು ಸಿಆರ್ 2032 ಅನ್ನೋ ದುಂಡು ಸೆಲ್. ವಾಚ್ ಅಂಗಡೀಲೂ ಸಿಗುತ್ತೆ. ನಮ್ಮೂರ ದೋಸೆಗೆ ಕೊಡೋ ದುಡ್ಡಲ್ಲಿ ಆಗೋ ಕೆಲಸ ಇದು. ವೈರ್ ಕಿತ್ತು, ಹಳೇ ಸೆಲ್ ತೆಗೆದು, ಹೊಸದು ಹಾಕಿ, ತಾರೀಖು ಸರಿಮಾಡಿ. ಇಷ್ಟಕ್ಕೆ "ಬೋರ್ಡ್ ಹೋಗಿದೆ" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.

2. ಆನ್ ಆಗುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು, ಬೀಪ್ ಬೀಪ್ ಸದ್ದು. ನಮ್ಮ ಕಡೆ ಧೂಳಿಗೆ ಇದು ಜಾಸ್ತಿ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಒಂದ್ಸಲ ಮುಟ್ಟಿ, ರ‍್ಯಾಮ್ ಬಿಚ್ಚಿ. ಅದರ ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನೋವರೆಗೂ ಒತ್ತಿ ಕೂರಿಸಿ. ಬಹಳ ಸಲ ಎದ್ದು ಕೂರುತ್ತೆ.

3. ತುಂಬಾ ನಿಧಾನ. ಮೊದಲು ಸಿ ಡ್ರೈವ್ ತುಂಬಿ ಕೆಂಪಾಗಿದೆಯಾ ನೋಡಿ, ಡಿಸ್ಕ್ ಕ್ಲೀನಪ್ ಓಡಿಸಿ. ಸಿಸ್ಟಂ ಏಳೋವಾಗಲೇ ಜೊತೆಗೆ ಎದ್ದೇಳೋ ಪ್ರೋಗ್ರಾಂ ನಿಲ್ಲಿಸಿ. ವಿಂಡೋಸ್ 7ರಲ್ಲಿ ಎಂಎಸ್‌ಕಾನ್ಫಿಗ್, 10ರಲ್ಲಿ ಟಾಸ್ಕ್ ಮ್ಯಾನೇಜರ್. ಒಂದೇ ಖರ್ಚು ಮಾಡೋದಾದ್ರೆ ಹಳೇ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ಹತ್ತು ವರ್ಷದ ಮೆಷಿನ್ನೂ ಚುರುಕಾಗುತ್ತೆ.

4. ಪೆನ್‌ಡ್ರೈವ್ ತೆಗೆದ್ರೆ ಎಲ್ಲಾ ಫೋಲ್ಡರೂ ಶಾರ್ಟ್‌ಕಟ್. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನ ಕಾಯಿಲೆ. ಫೈಲು ಎಲ್ಲೂ ಹೋಗಿಲ್ಲ, ವೈರಸ್ ಮುಚ್ಚಿಟ್ಟಿದೆ. ಶಾರ್ಟ್‌ಕಟ್ ಒತ್ತಬೇಡಿ, ಒತ್ತಿದ್ರೆ ನಿಮ್ಮ ಸಿಸ್ಟಮ್ಮಿಗೂ ಹತ್ತುತ್ತೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಮುಚ್ಚಿಟ್ಟ ಫೈಲ್ ತೋರಿಸು ಅನ್ನೋದನ್ನ ಆರಿಸಿ, ಸಿಸ್ಟಂ ಫೈಲ್ ಮುಚ್ಚಿಡು ಅನ್ನೋದರ ಟಿಕ್ ತೆಗೀರಿ. ಒಳಗಿಂದ ನಿಮ್ಮ ಕಾಗದಗಳನ್ನ ಮಾತ್ರ ಕಾಪಿ ಮಾಡಿಕೊಂಡು, ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

5. ಕನ್ನಡ ಕಾಣಲ್ಲ. ಇದು ನಮಗೆ ದೊಡ್ಡ ಪೆಟ್ಟು, ಯಾಕಂದ್ರೆ ಹಳೇ ಕರಪತ್ರ, ಮನವಿ ಎಲ್ಲಾ ನುಡಿಯಲ್ಲೋ ಬರಹದಲ್ಲೋ ಟೈಪ್ ಆಗಿದ್ದು. ಆ ಫೈಲ್ ಬೇರೆ ಸಿಸ್ಟಮ್ಮಲ್ಲಿ ತೆಗೆದ್ರೆ ಬಾಲ ಇರೋ, ಚುಕ್ಕಿ ಇರೋ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತೆ. ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಹಳೇ ಫಾಂಟ್ ಪದ್ಧತಿ ಅದು. ನುಡಿ ಫಾಂಟ್ ಹಾಕಿದ್ರೆ ಓದೋಕಾಗುತ್ತೆ, ಪರಿವರ್ತಕದಲ್ಲಿ ಹಾಕಿದ್ರೆ ಯೂನಿಕೋಡ್ ಆಗುತ್ತೆ. ಪರಿವರ್ತನೆ ಆದಮೇಲೆ ಒತ್ತಕ್ಷರ, ಸರ್ವೆ ನಂಬರ್ ಒಂದ್ಸಲ ಮೂಲದ ಜೊತೆ ತಾಳೆ ನೋಡಿ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಒಡೆದು ಕಂಡ್ರೆ ಕಂಟ್ರೋಲ್ ಪ್ಯಾನೆಲ್, ರೀಜನಲ್ ಆಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಲ್ಯಾಂಗ್ವೇಜಸ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋದಕ್ಕೆ ಟಿಕ್ ಹಾಕಬೇಕು. ಅದಕ್ಕೆ ಎಕ್ಸ್‌ಪಿ ಸಿಡಿ ಕೇಳುತ್ತೆ.

6. ಅರ್ಜಿ ಹಾಕೋ ಸೈಟ್ ಅರ್ಧ ತೆಗೆದು ನಿಲ್ಲುತ್ತೆ. ವಿಂಡೋಸ್ 7ಕ್ಕೆ ಕ್ರೋಮ್ ಕೊಟ್ಟ ಕೊನೇ ಆವೃತ್ತಿ 109. 2023ರ ಫೆಬ್ರವರಿಯಲ್ಲಿ ಬಂದ 110 ಅದಕ್ಕೆ ಹತ್ತಲ್ಲ. ಫೈರ್‌ಫಾಕ್ಸಿನ 115 ಇಎಸ್‌ಆರ್ ಹಾಕಿ ನೋಡಿ. ಎಲ್ಲಾ ತುಂಬಿದ ಮೇಲೆ ಸ್ವೀಕೃತಿ ಪ್ರಿಂಟ್ ಬರದಿದ್ರೆ ಪಾಪ್ಅಪ್ ತಡೆ ತೆಗೀರಿ. ಆದ್ರೆ ಎಕ್ಸ್‌ಪಿ, ವಿಂಡೋಸ್ 7ರಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಬೇಡ. ಟೈಪಿಂಗಿಗೆ, ಕಡತ ಇಡೋಕೆ ನೆಟ್ ಕಿತ್ತು ಬಳಸಿ.

ವಿಂಡೋಸ್ 10 ಇರೋರು ಹೆದರಬೇಕಾಗಿಲ್ಲ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯೋ ದಾರಿ ಇಟ್ಟಿದ್ದಾರೆ, ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಬೇಕು. ಅದಕ್ಕೆ ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಆಮೇಲೆ? ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲಿನದೇ ಬೇಕು. ನಮ್ಮ ಕೈಗೆ ಬರೋ ಸೆಕೆಂಡ್ ಹ್ಯಾಂಡಲ್ಲಿ ಇದೆಲ್ಲಾ ಎಲ್ಲಿರುತ್ತೆ?

ಇಲ್ಲಿ ಲಿನಕ್ಸ್ ಮಾತು ಬರುತ್ತೆ. ದುಡ್ಡು ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಲಿನಕ್ಸ್ ಮಿಂಟ್ ಎಕ್ಸ್ಎಫ್‌ಸಿಇ 2 ಜಿಬಿ ರ‍್ಯಾಮಲ್ಲೂ ಓಡುತ್ತೆ, 4 ಇದ್ರೆ ಆರಾಮ. ನುಡಿಯಲ್ಲಿ ಕೈ ಕೂತಿರೋರಿಗೆ ಅದೇ ಕೆಜಿಪಿ ಕೀಲಿಮಣೆ ಇಲ್ಲೂ ಸಿಗುತ್ತೆ. ಪೆನ್‌ಡ್ರೈವಿಂದಲೇ ಎಬ್ಬಿಸಿ ನೋಡಬಹುದು. ವಿಂಡೋಸ್ ಏಳದೆ ಇರೋ ಸಿಸ್ಟಮ್ಮಿಂದ ಕಾಗದ ಹೊರತೆಗೆಯೋಕೂ ಇದೇ ದಾರಿ. ಕಷ್ಟಗಳೂ ಇವೆ: ಕೆಲವು ಪ್ರಿಂಟರ್, ಬೆರಳಚ್ಚು ಯಂತ್ರ ಮಾತು ಕೇಳಲ್ಲ. ಅದನ್ನ ಮುಚ್ಚಿಟ್ಟು ಹೇಳೋದು ಸರಿಯಲ್ಲ.

ಇದೆಲ್ಲಾ ಓದಿದವರಿಗೆ ಮಾತ್ರ ಅಂತ ಯಾರಾದ್ರೂ ಅಂದ್ರೆ ಬೆಂಗಳೂರು ಬನ್ನೇರುಘಟ್ಟ ರಸ್ತೆ ಕಡೆ ಗುರಪ್ಪನಪಾಳ್ಯದ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ತೋರಿಸಿ. ಕೊಳೆಗೇರಿಯ ಮಕ್ಕಳು ಅಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಗೆಳೆಯರ ಜೊತೆ ಕೂತು ಲಿನಕ್ಸಲ್ಲೇ ಕಂಪ್ಯೂಟರ್ ಕಲಿತರು. ಬಾಬಾಸಾಹೇಬರ ಹೆಸರು ಅಲ್ಲಿ ಬೋರ್ಡಿಗೆ ಅಂದಕ್ಕೆ ಇಟ್ಟಿದ್ದಲ್ಲ.

ನನ್ನ ತಕರಾರು ಇಷ್ಟೇ. ಸತ್ತ ಕಂಪ್ಯೂಟರನ್ನ ಒಡೆದು ತಾಮ್ರ ಆರಿಸೋ ಕೆಲಸ, ಹೊಗೆ ಕುಡಿಯೋ ಕೆಲಸ ಬಡವರ ಪಾಲು. ಅದೇ ಕಂಪ್ಯೂಟರನ್ನ ಬದುಕಿಸೋ ವಿದ್ಯೆ ಮಾತ್ರ ಬೇರೆಯವರ ಪಾಲು. ಈ ಹಂಚಿಕೆಯನ್ನ ನಾವು ಯಾಕೆ ಒಪ್ಪಬೇಕು? ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರಿನಿಂದ ಹಿಡಿದು ವಿದ್ಯಾರ್ಥಿವೇತನದವರೆಗೂ ಎಲ್ಲಾ ಆನ್‌ಲೈನ್ ಆಗಿದೆ. ಕೊನೇ ದಿನ ಸೈಟ್ ತೆಗೆಯದೆ ಇದ್ರೆ ಮಗುವಿನ ಒಂದು ವರ್ಷದ ಫೀಸು ಹೋಯ್ತು. ಸೈಬರಿನಲ್ಲಿ ಸರದಿ ನಿಂತು, ಪಾಸ್‌ವರ್ಡ್, ಒಟಿಪಿ ಎಲ್ಲಾ ಯಾರೋ ಅಪರಿಚಿತರ ಕೈಗೆ ಕೊಡೋ ಗತಿ ಬೇರೆ.

ಸರ್ಕಾರಕ್ಕೆ ನಮ್ಮ ಬೇಡಿಕೆ ಸ್ಪಷ್ಟ ಇರಲಿ. ಸರ್ಕಾರಿ ಸೈಟುಗಳು ಹಳೇ ಸಿಸ್ಟಂ, ಹಳೇ ಬ್ರೌಸರಲ್ಲೂ ಕನಿಷ್ಠ ಅರ್ಜಿ ಸ್ವೀಕರಿಸಬೇಕು. ಸೈಟ್ ಕೈಕೊಟ್ಟ ದಿನಗಳನ್ನ ಕೊನೇ ದಿನಾಂಕಕ್ಕೆ ಸೇರಿಸಿಕೊಡಬೇಕು, ಕಾಗದದ ಅರ್ಜಿಯ ದಾರಿ ಮುಚ್ಚಬಾರದು. ಸಮಾಜ ಕಲ್ಯಾಣ ಹಾಸ್ಟೆಲುಗಳಲ್ಲಿ ಕಂಪ್ಯೂಟರ್ ಬಳಸೋದರ ಜೊತೆಗೆ ಬಿಚ್ಚಿ ಕೂಡಿಸೋದನ್ನೂ ಕಲಿಸಬೇಕು. ಎಸ್‌ಸಿಎಸ್‌ಪಿ ಟಿಎಸ್‌ಪಿ ದುಡ್ಡು ಇಂಥದ್ದಕ್ಕೆ ಬರಲಿ.

ನಮ್ಮ ಪಾಲಿನ ಕೆಲಸವೂ ಇದೆ. ಪ್ರತಿ ಸಂಘದಿಂದ ಇಬ್ಬರು, ಅದರಲ್ಲಿ ಒಬ್ಬಳು ಹುಡುಗಿ ಕಡ್ಡಾಯ, ಮೇಲಿನ ಆರು ರಿಪೇರಿ ಕಲೀಬೇಕು. ಒಂದು ಸ್ಕ್ರೂಡ್ರೈವರ್, ಒಂದು ರಬ್ಬರ್, ಎರಡು ಸೆಲ್, ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವ್ ಸಾಕು. ಈ ಭಾನುವಾರ ಮೀಟಿಂಗಲ್ಲಿ ಮೊದಲ ಕೆಲಸ: ಸಂಘದ ಕಡತಗಳನ್ನೆಲ್ಲಾ ಎರಡು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಎರಡು ಬೇರೆ ಮನೆಯಲ್ಲಿಡಿ. ಗೋಡೆಗೊಂದು ಚೀಟಿ ಅಂಟಿಸಿ, ಯಾವ ಕಡತ ಎಲ್ಲಿದೆ ಅಂತ.

ನಿಮ್ಮ ಸಿಸ್ಟಮ್ಮಿಗೆ ಏನು ತೊಂದರೆ ಅಂತ ಕೆಳಗೆ ಬರೀರಿ. ಗೊತ್ತಿರೋರು ಗೊತ್ತಿಲ್ಲದೋರಿಗೆ ಹೇಳಿಕೊಡಿ, ಯಾರನ್ನೂ ನಗಬೇಡಿ.

ಜೈ ಭೀಮ್.